ಸ್ಪ್ಯಾನರುಗಳನ್ನು ಪೂಜೆಗಿಟ್ಟ ದಿನ

ಮೊನ್ನೆ ತುಮಕೂರಿನ ನಮ್ಮ ಮನೆಯ ಕಿಟಕಿ ಸರಳುಗಳಿಗೆ ಸಿಲ್ವರ್ ಪೇಂಟ್ ಹೊಡೆಸುತ್ತಿದ್ದೆವು. ಪೇಂಟರು ಡಬ್ಬದ ಮುಚ್ಚಳ ಎಬ್ಬಿಸಿದ್ದೇ ತಡ, ವಾಸನೆ ಅಡುಗೆಮನೆಯವರೆಗೂ ಹರಡಿತು. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಹೋದಳು. ನಾನು ಮಾತ್ರ ಅಲ್ಲೇ ನಿಂತೆ. ಆ ವಾಸನೆ ಬಂದರೆ ನನಗೆ ಇಪ್ಪತ್ತು ವರ್ಷದ ಹಿಂದಿನ ಒಂದು ಆಯುಧಪೂಜೆ ನೆನಪಾಗುತ್ತದೆ, ಅದರ ಹಿಂದೆಯೇ ನಾಚಿಕೆಯೂ ಬರುತ್ತದೆ. ನಿಮ್ಮ ಹತ್ತಿರ ಹೇಳಿಕೊಳ್ಳಲು ಈಗ ಅಡ್ಡಿಯಿಲ್ಲ. ಹೇಳಬೇಕಾದವರಿಗೆ ಹೇಳಿ ಆಗಿದೆ.

ನಮ್ಮಪ್ಪ ಗುಬ್ಬಿಯಲ್ಲಿ ಟೈಲರ್ ಆಗಿದ್ದ. ಹೆಂಗಸರ ಬ್ಲೌಸ್ ಹೊಲಿಯುವುದರಲ್ಲಿ ಅವನ ಕೈಗೆ ಕಡಬ, ಸಿ.ಎಸ್. ಪುರದವರೆಗೂ ಹೆಸರಿತ್ತು. ಮದುವೆ ಮನೆಯವರು ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆಯೇ ಅಪ್ಪನಿಗೆ ರೇಷ್ಮೆ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಹೊಲಿದದ್ದನ್ನು ಅಪ್ಪ ಹಳೇ ಪಂಚೆಯಲ್ಲಿ ಸುತ್ತಿ, ಬೈಕಿಗೆ ಕಟ್ಟಿಕೊಂಡು, ತಾನೇ ಮನೆ ಬಾಗಿಲಿಗೆ ತಲುಪಿಸುತ್ತಿದ್ದ. ಅಲ್ಲಿ ಕಾಫಿ ಕುಡಿದು, ಯಾರ ಮನೆಯಲ್ಲಿ ಯಾರಿಗೆ ಗಂಡು ಗೊತ್ತಾಯಿತೆಂಬ ಸುದ್ದಿ ಹೊತ್ತುಕೊಂಡು ಬರುತ್ತಿದ್ದ. ಆ ಬೈಕು ಆಗಲೇ ಹದಿನೈದು ವರ್ಷ ಹಳೆಯದು. ಕಂಪನಿಯ ಹೆಸರು ಬೇಡ ಬಿಡಿ, ಆ ಕಾಲದಲ್ಲಿ ಬೀದಿಗೆ ನಾಲ್ಕು ಇದ್ದಂಥ ನೂರು ಸಿಸಿ ಗಾಡಿ. ಅಪ್ಪ ಅದನ್ನು ಹೊಲಿಗೆ ಮಿಷನ್ನಿನಷ್ಟೇ ಜೋಪಾನ ಮಾಡುತ್ತಿದ್ದ. ದಿನಾ ಒರೆಸುತ್ತಿದ್ದ, ಬೇರೆಯವರು ಮುಟ್ಟಿದರೆ ಮುಖ ಗಂಟಿಕ್ಕುತ್ತಿದ್ದ.

ನಾನಾಗ ತುಮಕೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಹೊಸ ಸ್ಪ್ಯಾನರ್ ಸೆಟ್ಟೊಂದನ್ನು ಕೊಂಡು, ಅಷ್ಟಕ್ಕೇ ಅರ್ಧ ಮೆಕ್ಯಾನಿಕ್ ಆದೆನೆಂದು ನಂಬಿದ್ದ ದಿನಗಳು ಅವು. ಆಯುಧಪೂಜೆಗೆ ಊರಿಗೆ ಹೋದವನು ಬೆಳಿಗ್ಗೆಯೇ ಗಾಡಿಯ ಲೆಗ್ ಗಾರ್ಡ್ ಬಿಚ್ಚಿ, ಸಿಲ್ವರ್ ಪೇಂಟ್ ಬಳಿದು, ಒಣಗುವುದರೊಳಗೇ ವಾಪಸ್ ಕೂರಿಸಲು ಹೊರಟೆ. ಆ ಗಾಡಿಯಲ್ಲಿ ಗಾರ್ಡನ್ನು ಹಿಡಿದಿದ್ದ ಉದ್ದನೆಯ ಬೋಲ್ಟೇ ಎಂಜಿನ್ನಿನ ಮುಂಭಾಗವನ್ನೂ ಚಾಸಿಗೆ ಹಿಡಿದಿಡುತ್ತಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಯೋಚಿಸಲಿಲ್ಲ.

ನಟ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆ, ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು, ಅಷ್ಟರಲ್ಲಿ ಒಳಗಿನಿಂದ ಅಪ್ಪ ಕೂಗಿದ.

"ರಾಹುಕಾಲ ಬಂದ್ಬುಡ್ತದೆ ಕಣ್ಲಾ. ಸ್ಪ್ಯಾನರೆಲ್ಲ ತಂದಿಡು ಪೂಜೆಗೆ."

ತಂದಿಟ್ಟೆ. ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ನನ್ನ ಹೊಸ ಸ್ಪ್ಯಾನರುಗಳೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದವು. ಪೂಜೆಗಿಟ್ಟ ಸಾಮಾನನ್ನು ಆವತ್ತು ಯಾರೂ ಕೆಲಸಕ್ಕೆ ಎತ್ತುವಂತಿಲ್ಲ. ನಮ್ಮ ಮನೆಯಲ್ಲಂತೂ ಆ ದಿನ ಅಂಗಿಯ ಗುಂಡಿ ಕಿತ್ತುಬಂದರೂ ಪಿನ್ನು ಚುಚ್ಚಿಕೊಂಡು ಓಡಾಡಬೇಕಿತ್ತು. ನಾಳೆ ಬಿಗಿ ಮಾಡಿದರಾಯಿತು ಅಂದುಕೊಂಡೆ. ನಾಳೆ ವಿಜಯದಶಮಿ. ಹೋಳಿಗೆ ತಿಂದೆ, ನಿದ್ದೆ ಹೊಡೆದೆ, ಸಾಯಂಕಾಲದ ಬಸ್ಸು ಹತ್ತಿದೆ. ನಟ್ಟು ತಲೆಯಿಂದ ಪೂರ್ತಿ ಹೋಗಿಬಿಟ್ಟಿತ್ತು.

ದೀಪಾವಳಿಗೆ ಹೋದಾಗ ಅಪ್ಪ ಅಂದ, "ಗಾಡಿ ಜುಂ ಅಂತದೆ ಕಣೋ. ಕಡಬಕ್ಕೆ ಹೋಗ್ಬಂದ್ರೆ ಅರ್ಧ ಗಂಟೆ ಸೂಜಿಗೆ ದಾರ ಹಾಕಕ್ಕಾಗಲ್ಲ, ಕೈ ಅಂಗೇ ನಡುಗ್ತದೆ."

ಅರ್ಧ ಮೆಕ್ಯಾನಿಕ್ ತಕ್ಷಣ ಗಾಡಿ ತೆಗೆದು ಬಸ್ ಸ್ಟ್ಯಾಂಡಿನವರೆಗೆ ಓಡಿಸಿ ಬಂದ. ಗುಬ್ಬಿಯ ಆ ರಸ್ತೆಯಲ್ಲಿ ದನ, ಆಟೋ, ಸೊಪ್ಪಿನ ಗಾಡಿ ದಾಟಿಕೊಂಡು ಮೂವತ್ತರ ಮೇಲೆ ಯಾರು ಹೋಗುತ್ತಾರೆ? ನನಗೇನೂ ಗೊತ್ತಾಗಲಿಲ್ಲ.

"ಗಾಡಿ ಚೆನ್ನಾಗೇ ಐತೆ ಕಣಪ್ಪ. ನಿನ್ ಕೈಯೇ ನಡುಗ್ತಿರ್ಬೇಕು. ವಯಸ್ಸಾಯ್ತಲ್ವಾ."

ಅಪ್ಪ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅಷ್ಟರಲ್ಲಿ ಅಮ್ಮ, "ನಿಮ್ ತಾತಂಗೂ ಕಡೇಗಾಲ್ದಲ್ಲಿ ಕೈ ನಡುಗ್ತಿತ್ತು" ಎಂದಳು. ಅಲ್ಲಿಗೆ ಕಾಯಿಲೆಗೆ ವಂಶಾವಳಿಯೂ ಸಿಕ್ಕಿತು.

ಆಮೇಲಿನ ತಿಂಗಳುಗಳಲ್ಲಿ ಅಪ್ಪ ಒಂದೊಂದೇ ಕೆಲಸ ಕೈಬಿಡುತ್ತಾ ಬಂದ. ಅಪ್ಪ ಮೊದಲು ರೇಷ್ಮೆ ಬ್ಲೌಸ್ ಒಪ್ಪಿಕೊಳ್ಳುವುದನ್ನು ಬಿಟ್ಟ. ಕತ್ತರಿ ಒಂದು ಗೆರೆ ಆಚೀಚೆಯಾದರೆ ಯಾರದೋ ಮನೆಯ ಮದುವೆ ಬಟ್ಟೆ ಹಾಳಾಗುತ್ತದೆ ಎಂಬ ಭಯ. ಬಂದವರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಹೊಸ ಟೈಲರಿನ ಕಡೆಗೆ ತಾನೇ ಕಳಿಸುತ್ತಿದ್ದ. ಪಂಚೆಗೆ ಅಂಚು ಹೊಡೆಯುವುದು, ದಿಂಬಿನ ಚೀಲ, ಇಷ್ಟೇ ಉಳಿಯಿತು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದ. ಯಾರಾದರೂ ನೋಡುತ್ತಿದ್ದರೆ ಲೋಟ ಮುಟ್ಟುತ್ತಲೇ ಇರಲಿಲ್ಲ, ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಗಾಡಿ ಹತ್ತದೆ ತಿಂಗಳಾದ ಮೇಲೂ ಕೈ ನಡುಗುತ್ತದೆ ಎನ್ನುತ್ತಿದ್ದ. ದಿನಕ್ಕೆ ಹತ್ತು ಸಲ ಕೈಯನ್ನೇ ನೋಡಿಕೊಂಡು ಕೂತರೆ ಯಾರ ಕೈ ತಾನೇ ನಡುಗುವುದಿಲ್ಲ? ನಾನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಬಿ ಕಾಂಪ್ಲೆಕ್ಸ್ ಬರೆದರು. ತಂದೆಯ ಕಾಯಿಲೆಯನ್ನು ಮೊದಲು ಕಂಡುಹಿಡಿದವನು ನಾನೇ ಎಂಬ ಸಣ್ಣ ಜಂಬವೂ ನನಗಿತ್ತು.

ಬೇಸಿಗೆಯಲ್ಲಿ ಅಪ್ಪ ಗಾಡಿ ಮಾರಲು ನಿಂತ. ಕುಣಿಗಲ್ಲಿನಿಂದ ಹಾಲಿನ ವ್ಯಾಪಾರದವರೊಬ್ಬರು ಕೊಳ್ಳಲು ಬಂದರು. ಮೆಕ್ಯಾನಿಕ್ ನೋಡಿ ಒಪ್ಪಿದರೆ ಮಾತ್ರ ಎಂದರು. ಭಾನುವಾರ, ನಾನೂ ಊರಲ್ಲಿದ್ದೆ. ಗಾಡಿಯನ್ನು ನಮ್ಮೂರ ಮೆಕ್ಯಾನಿಕ್ ನಂಜಪ್ಪನ ಶೆಡ್ಡಿಗೆ ತಂದೆವು.

ನಂಜಪ್ಪ ಗಾಡಿ ಬಂದ ತಕ್ಷಣ ಬಿಚ್ಚಲು ಕೂರುವವನಲ್ಲ. ಮೊದಲು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ, ಗಾಡಿಯವರೇ ಓಡಿಸಬೇಕು. "ಟೈಲರಣ್ಣ, ಹತ್ತಿ" ಅಂದ. ಅಪ್ಪ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, "ನನ್ ಕೈ ಸರಿಯಿಲ್ಲ ಕಣಪ್ಪ, ನನ್ ಮಗ ಓಡಿಸ್ತಾನೆ" ಎಂದ.

ಕಡಬದ ರಸ್ತೆ ಹಿಡಿದೆವು. ಟಾಪ್ ಗೇರಿನಲ್ಲಿ ಐವತ್ತು ಮುಟ್ಟಿತು ನೋಡಿ, ಹ್ಯಾಂಡಲ್ಲಿನಲ್ಲಿ ಜುಂ ಎಂದು ಶುರುವಾಯಿತು. ಅಂಗೈಯೊಳಗೆ ಇರುವೆ ಹರಿದಂತಾಗಿ ಬೆರಳು ಮರಗಟ್ಟಿದವು. ಅಪ್ಪ ಹೇಳಿದ್ದು ಅಕ್ಷರಶಃ ಇದೇ.

"ಕ್ಲಚ್ ಹಿಡಿ, ಎಕ್ಸಲೇಟರ್ ಬುಡು" ಎಂದ ನಂಜಪ್ಪ. ಗಾಡಿ ಅದೇ ವೇಗದಲ್ಲಿ ಉರುಳುತ್ತಿತ್ತು, ಎಂಜಿನ್ ಸದ್ದು ಇಳಿದಿತ್ತು, ನಡುಕ ನಿಂತಿತ್ತು. "ಚಕ್ರ ಅಲ್ಲ, ಚೈನೂ ಅಲ್ಲ. ಅವಾಗಿದ್ರೆ ಈಗ್ಲೂ ನಡುಗ್ಬೇಕಿತ್ತು. ಥರ್ಡ್ ಹಾಕು." ಥರ್ಡಿನಲ್ಲಿ ನಲವತ್ತಕ್ಕೇ ಬಂತು. "ಸ್ಪೀಡ್ ಬ್ಯಾರೆ ಆಯ್ತು, ಎಂಜಿನ್ ಸೌಂಡ್ ಮಾತ್ರ ಅದೇ. ನಿಲ್ಸು." ಮರದ ಕೆಳಗೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೈಸ್ ಮಾಡಿಸಿದ. ನಿಂತ ಗಾಡಿಯಲ್ಲೂ ಅದೇ ನಡುಕ. "ಗೇರ್ ಬಾಕ್ಸ್ ಪಾಪ ಏನೂ ಮಾಡಿಲ್ಲ" ಎಂದು ಇಳಿದ. ಒಂದು ಕೈ ಎಂಜಿನ್ ಮೇಲೆ, ಇನ್ನೊಂದು ಚಾಸಿ ಮೇಲೆ ಇಟ್ಟು ಕಣ್ಣು ಮುಚ್ಚಿದ. ಆಮೇಲೆ ನನ್ನ ಕೈಯನ್ನೂ ಎಳೆದು ಇಟ್ಟ. "ಎರಡೂ ಒಂದೇ ಆಗಿರ್ಬೇಕು. ಇವು ಬ್ಯಾರೆ ಬ್ಯಾರೆ ಅಲ್ಲಾಡ್ತಾವೆ."

ಕುಕ್ಕರಗಾಲಲ್ಲಿ ಕೂತು ಗಾರ್ಡಿನ ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿದ. ಪಟ್ಟೆಂದು ಪೇಂಟ್ ಬಿರಿದು ನಟ್ಟು ಸಲೀಸಾಗಿ ತಿರುಗಿತು. ಒಣಗಿದ ಪೇಂಟೇ ಅದನ್ನು ಇಷ್ಟು ದಿನ ಬೀಳದಂತೆ ಹಿಡಿದಿತ್ತು.

"ಯಾರಪ್ಪಾ ಇದನ್ನ ಬಿಚ್ಚಿದ್ದು?"

"ಗೊತ್ತಿಲ್ಲ" ಎಂದೆ.

ನಂಜಪ್ಪ ನನ್ನ ಮುಖ ನೋಡಿದ. ಇನ್ನೊಂದು ಸಲ ಕೇಳಲಿಲ್ಲ. ಅಲ್ಲೇ ನಟ್ಟು ಬಿಗಿ ಮಾಡಿ, ಶೆಡ್ಡಿಗೆ ಬಂದವನೇ ಅಪ್ಪನಿಗೆ, "ನಿಮ್ ಕೈಗೇನೂ ಆಗಿಲ್ಲ ಟೈಲರಣ್ಣ. ಎಂಜಿನ್ ಬೋಲ್ಟ್ ಲೂಸಾಗಿತ್ತು. ಹಳೇ ಗಾಡಿ, ಆಗ್ತದೆ" ಎಂದ.

ಅಪ್ಪ ನಂಬಲಿಲ್ಲ. ಗಾಡಿ ಹತ್ತಿ ಒಬ್ಬನೇ ಹೋದ. ಅರ್ಧ ಗಂಟೆ ಬರಲಿಲ್ಲ, ಕುಣಿಗಲ್ಲಿನವರು ಮೂರು ಸಲ ವಾಚ್ ನೋಡಿಕೊಂಡರು. ಬಂದವನೇ ಸೀಟಿನಿಂದ ಇಳಿಯದೆ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಜೇಬಿನ ದಾರ ಎಳೆದು, ಒಂದೇ ಸಲಕ್ಕೆ ಹಾಕಿಬಿಟ್ಟ. ಆಮೇಲೆ ಕೊಳ್ಳಲು ಬಂದವರನ್ನು ನೋಡಿ, "ಬೇಜಾರ್ ಮಾಡ್ಕೋಬೇಡಿ, ಗಾಡಿ ಕೊಡಲ್ಲ" ಎಂದ.

"ರಿಪೇರಿಗೆ ಮುಂಚೇನೇ ತಗೋಬೇಕಿತ್ತು ನಾನು" ಎಂದು ಅವರು ನಕ್ಕು ಬಸ್ಸಿಗೆ ಹೋದರು.

ಅಪ್ಪ ಮತ್ತೆ ರೇಷ್ಮೆ ಬಟ್ಟೆಗೆ ಕತ್ತರಿ ಹಾಕಿದ. ಆದರೆ ಅವನೇ ಬೇರೆ ಕಡೆಗೆ ಕಳಿಸಿದ್ದವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ. ನಾನು ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ತುಮಕೂರಿನಲ್ಲಿದ್ದಾನೆ. ಎದುರಿಗೇ ಕೂತಿರುತ್ತಾನೆ, ಹೇಳಲು ಅವಕಾಶವಿರಲಿಲ್ಲ ಎನ್ನುವಂತೆಯೂ ಇಲ್ಲ.

ಮೊನ್ನೆ ಪೇಂಟರು ಊಟಕ್ಕೆ ಹೋದಾಗ ಹೇಳಿದೆ. ಪೇಂಟು, ನಟ್ಟು, ಪೂಜೆಗಿಟ್ಟ ಸ್ಪ್ಯಾನರು, ನಂಜಪ್ಪನಿಗೆ ಹೇಳಿದ ಸುಳ್ಳು, ಎಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ನಟ್ಟಿನ್ ವಿಷ್ಯ ಬುಡು, ಯಾರ್ಗಾದ್ರೂ ಆಗ್ತದೆ. ಪೂಜೆಗೆ ಇಡು ಅಂದೋನು ನಾನೇ" ಎಂದ. ಆಮೇಲೆ ನಿಧಾನವಾಗಿ, "ಊರೋರ್ ಹೇಳಿದ್ರೆ ನಾನ್ ನಂಬ್ತಿರ್ಲಿಲ್ಲ ಕಣೋ. ಓದಿರೋ ಮಗ ಹೇಳ್ದ ಅಂತ ನಂಬ್ಬುಟ್ಟೆ. ನಲವತ್ತು ವರ್ಷ ಅನ್ನ ಹಾಕಿದ್ ಕೈನೇ ನಂಬ್ದೆ ಹೋದೆ" ಎಂದ.

ನಾನು ಅವನ ಪಕ್ಕದಲ್ಲಿ ಕೂತುಕೊಂಡೆ.

ನಿನ್ನೆ ಬೆಳಿಗ್ಗೆ ಅಪ್ಪ ತಿಂಡಿಗೆ ಕೂತವನು, "ಈ ಕುರ್ಚಿ ಯಾಕೋ ವಾಲ್ತದೆ" ಎಂದ. ನನ್ನ ಹೆಂಡತಿ, "ಮಾವಂಗೆ ತಲೆ ಸುತ್ತಿರ್ಬೇಕು ಕಣ್ರೀ" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು. ನಾನು ಅಪ್ಪನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದೆ. ಕುರ್ಚಿಯನ್ನು ಬೋರಲು ಹಾಕಿ, ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದೆ. ನೆಲದ ಮೇಲೆ ಇಟ್ಟು ನೋಡಿದೆ. ಜಾಗ ಬದಲಾಯಿಸಿ ಇಟ್ಟು ನೋಡಿದೆ. ಕೊನೆಗೆ ನಾನೇ ಅದರಲ್ಲಿ ಕೂತು ಎರಡು ಇಡ್ಲಿ ತಿಂದೆ. ಕುರ್ಚಿ ಗಟ್ಟಿಯಾಗಿಯೇ ಇತ್ತು. ಆಮೇಲಷ್ಟೇ ಡಾಕ್ಟರಿಗೆ ಫೋನ್ ಮಾಡಿದೆ.