ಪರದೆಯ ಮೇಲಿನ ಚುಕ್ಕಿ

ಪರದೆಯ ಮೇಲೆ ಎರಡು ಕಪ್ಪು ಚೌಕ, ಪಕ್ಕದಲ್ಲಿ ನಡುವೆ ಚುಕ್ಕಿಯಿಟ್ಟ ಒಂದು ವೃತ್ತ. ಸೇಡಂನ ಕಾಲೇಜಿನಲ್ಲಿ ವಂಶವಾಹಿ ವಿಜ್ಞಾನಿಯೊಬ್ಬರು ತಮ್ಮ ಸಂಶೋಧನೆಯ ಬಗ್ಗೆ ಹೇಳುತ್ತಿದ್ದರು. "ಇದು ಕಾಗಿಣಾ ನದಿ ದಂಡೆಯ ಒಂದು ಕುಟುಂಬ. ಅವಳಿ ಗಂಡುಮಕ್ಕಳು ಸ್ನಾಯು ಸವೆದು ತೀರಿಕೊಂಡರು. ಚುಕ್ಕಿಯಿಟ್ಟ ವೃತ್ತ ಅವರ ತಂಗಿ. ಅವಳಿಗೆ ಕಾಯಿಲೆಯಿಲ್ಲ, ಆದರೆ ಅವಳ ಗಂಡುಮಕ್ಕಳಿಗೆ ಬರಬಹುದು."

ನಾನು ವಿಜ್ಞಾನ ಶಿಕ್ಷಕಿ, ಅದೇ ನದಿ ದಂಡೆಯ ದಂಡೋತಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ಆ ಚಿತ್ರ ನನಗೆ ತಕ್ಷಣ ಓದಲು ಬಂತು. ಆ ಅವಳಿಗಳು ನನ್ನ ಅಣ್ಣಂದಿರು.

ಭಾಷಣ ಮುಗಿದ ಮೇಲೆ ಹತ್ತಿರ ಹೋಗಿ, "ಸರ್, ಆ ಚುಕ್ಕಿ ನಾನೇ ಅದೀನ್ರಿ" ಎಂದೆ. ಅವರು ಗಾಬರಿಯಾದರು. "ಆಗ ನಿಮ್ಮೆಲ್ಲರ ರಕ್ತ ತಗೊಂಡ ಮೇಲೆ ಮನೆಗೆ ವರದಿ ಕಳಿಸಿದ್ದೆವಲ್ಲಮ್ಮಾ?"

ಊರಿಗೆ ಹೋಗಿ ಅವ್ವನನ್ನು ಕೇಳಿದೆ. "ಬಂದಿತ್ತವ್ವಾ ಒಂದು ಲಕೋಟಿ. ಆಗ ನೀ ಸಾಲ್ಯಾಗ ಒಂದನೇತ್ತಿ, ಓದೋರು ಮನ್ಯಾಗ ಯಾರಿದ್ರು? ಸರ್ಕಾರದ್ದು ಇರಬೇಕಂತ ದೇವರ ಜಗಲಿ ಮ್ಯಾಲ ಬಸವಣ್ಣನ ಫೋಟೋದ ಹಿಂದ ಇಟ್ಟೆ" ಎಂದು ತೆಗೆದುಕೊಟ್ಟಳು. ವಿಭೂತಿ ಮೆತ್ತಿದ್ದ ಲಕೋಟೆಯನ್ನು ಯಾರೂ ಒಡೆದೇ ಇರಲಿಲ್ಲ. ಒಡೆದು ಓದಿದೆ. ವಿಜ್ಞಾನಿ ಹೇಳಿದ ಮಾತೇ ಅದರಲ್ಲಿತ್ತು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ಇನ್ನೂ ತಿಳಿಯದು.

ನನ್ನ ಮಗನಿಗೆ ಈಗ ಮೂರು ವರ್ಷ. ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ, ಫಲಿತಾಂಶ ಬಂದಿಲ್ಲ. ಅಣ್ಣಂದಿರು ತೊಡೆಗೆ ಕೈ ಊರಿಕೊಂಡೇ ಏಳುತ್ತಿದ್ದರು. ಮಗ ಅಂಗಳದಲ್ಲಿ ಬಿದ್ದರೆ ಮೊದಲು ಓಡಿಹೋಗಿ ಎತ್ತುತ್ತಿದ್ದೆ. ಈಗ ನಿಂತಲ್ಲೇ ನಿಂತು, ಅವನ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ.