ಪ್ರಾರ್ಥನೆ ಮಾತಿನ ಲೆಕ್ಕಕ್ಕೆ ಬರುತ್ತದೆಯೇ?

ಆ ವರ್ಷ ಕ್ರಿಸ್ಮಸ್‌ಗೆ ಎಂಟು ದಿನ ಇದೆ ಎನ್ನುವಾಗ ಹಾಸನದ ಆಸ್ಪತ್ರೆಯಲ್ಲಿ ನಮ್ಮ ಯಜಮಾನರ ಗಂಟಲಿನಿಂದ ಒಂದು ಗಂಟು ತೆಗೆದರು. ಜೋಳದ ಕಾಳಿನಷ್ಟಿತ್ತಂತೆ. ಕೆಟ್ಟ ಗಂಟೋ, ಸುಮ್ಮನೆ ಬಂದ ಗಂಟೋ ತಿಳಿಯಲು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ಬರುವುದು ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂಬಾರದು, ಆಡಿದರೆ ಧ್ವನಿ ಮರಳುತ್ತದೆಂದು ಹೇಳಲಾರೆ ಎಂದು ಡಾಕ್ಟರಮ್ಮ ನನ್ನ ಮುಖ ನೋಡಿಕೊಂಡೇ ಹೇಳಿದರು. ನನ್ನನ್ನು ಕಾವಲಿಗೆ ಹಾಕಿದ ಹಾಗೆ.

ಅವರು ಸುವಾರ್ತೆ ಸಾರುವವರು. ಹಳೇಬೀಡಿನಲ್ಲಿ ನಮ್ಮದು ಬಾಡಿಗೆ ಮನೆ, ಮುಂದಿನ ಹಜಾರವೇ ಆರಾಧನೆಯ ಜಾಗ. ಇಪ್ಪತ್ತೆರಡು ವರ್ಷ ಹಗರೆ, ಮಾದಿಹಳ್ಳಿ, ಬಾಣಾವರ ಎಂದು ಬಸ್ಸಿನಲ್ಲಿ ತಿರುಗಿ, ಮೈಕಿಲ್ಲದೆ ಹಾಡಿ, ಬೋಧಿಸಿ ಸವೆಸಿದ ಗಂಟಲು ಅದು. ಅದು ಹೋದರೆ ಅವರಿಗೆ ಬೇರೇನೂ ಬರುವುದಿಲ್ಲ. ಸೌದೆ ಒಡೆಯಲೂ ಬರುವುದಿಲ್ಲ, ನಾನೇ ಕಂಡಿದ್ದೇನೆ.

ಒಂದು ಸ್ಲೇಟು, ಬಳಪ ತಂದುಕೊಟ್ಟೆ. ಅವರು ಮೊದಲು ಬರೆದದ್ದು, "ಗಂಜಿಗೆ ಉಪ್ಪು ಕಮ್ಮಿ." ಗಂಜಿ ಇಳಿಯಿತಲ್ಲ, ರುಚಿಯೂ ಗೊತ್ತಾಯಿತಲ್ಲ, ಎರಡು ಕೃಪೆ ಎಂದು ಎಣಿಸಿಕೊಂಡೆ. ಆದರೂ ಫೋನು ಗುಂಯ್ ಎಂದರೆ ಆಸ್ಪತ್ರೆಯದೇ ಎಂದು ಓಡುತ್ತಿದ್ದೆ.

ಪಕ್ಕದ ಮನೆಯ ಜೈನರ ಅಜ್ಜಿ ಹೊತ್ತು ಮುಳುಗುವ ಮುಂಚೆ ಬಂದು ವಿಚಾರಿಸಿದರು.

"ನಿಮ್ಮೋರದ್ದು ಮೌನ ಅಂತೆ? ಒಳ್ಳೇದೇ ಕಣಮ್ಮ. ನಮ್ಮ ಮುನಿಗಳೂ ಮೌನ ಹಿಡೀತಾರೆ."

"ಇದು ವ್ರತ ಅಲ್ಲ ಅಜ್ಜಿ, ಡಾಕ್ಟರು ಹೇಳಿದ್ದು."

"ಯಾರು ಹೇಳಿದ್ರೇನು? ಬಾಯಿ ಮುಚ್ಚೋದು ಅಂದ್ರೆ ಮುಚ್ಚೋದೇ."

ಹಬ್ಬದ ಬೆಳಿಗ್ಗೆ ಬಂತು. ಕಾಫಿ ಲೋಟ ಹಿಡಿದು ಕೋಣೆಯ ಬಾಗಿಲಿಗೆ ಬಂದವಳು ಹಾಗೇ ನಿಂತೆ. ಒಳಗೆ ಪಿಸುಪಿಸು ಸದ್ದು. ಮಂಚಕ್ಕೆ ಹಣೆ ಊರಿ, ಮೊಣಕಾಲೂರಿ, ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ಹರಿದ ಕಾಗದದಂಥ ಧ್ವನಿ.

"ರೀ! ಏನು ಮಾಡ್ತಿದ್ದೀರಿ?"

ಬೆಚ್ಚಿ ಸ್ಲೇಟು ಎತ್ತಿಕೊಂಡರು. "ಪ್ರಾರ್ಥನೆ."

"ದಿನಾ ಹಿಂಗೇನಾ?"

ತಲೆಯಾಡಿಸಿದರು. ಮತ್ತೆ ಬರೆದರು. "ಮಾತಾಡಬೇಡಿ ಅಂದರು. ಪ್ರಾರ್ಥನೆ ಮಾತಲ್ಲವಲ್ಲ."

ಎಂಟು ದಿನ ಅವರು ಹಾಲಿನವನ ಹತ್ತಿರವೂ ಮಾತಾಡದ ಹಾಗೆ ಕಾದಿದ್ದೆ. ಇವರು ನೋಡಿದರೆ ನಾನು ಒಲೆಯ ಮುಂದಿದ್ದಾಗ ಆ ಹಸಿ ಗಾಯವನ್ನೇ ಉಜ್ಜುತ್ತಿದ್ದರು. ಹೋಯಿತು, ಗಂಟಲು ಹೋಯಿತು ಎನ್ನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಪ್ರಾರ್ಥನೆ ಬೇಡ ಎಂದವಳಲ್ಲ ನಾನು. ಹಬ್ಬದ ದಿನವೇ ಅಂದುಬಿಟ್ಟೆ.

"ದೇವರಿಗೇನು ಕಿವಿ ಮಂದವಾ? ಬಾಯಿ ಮುಚ್ಚೋದು ಅಂದ್ರೆ ಮುಚ್ಚೋದೇ!"

ಅವರು ಸ್ಲೇಟು ಒರೆಸಿ ಬರೆದರು. "ಹೆದರಿಕೆ ಆಗುತ್ತೆ."

ಊರಿಗೆಲ್ಲ ಭಯಪಡಬೇಡಿ ಎಂದು ಹೇಳುವ ಮನುಷ್ಯ. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ.

ಹನ್ನೊಂದು ಗಂಟೆಗೆ ಮಾದಿಹಳ್ಳಿಯವರು ಬಸ್ಸಿಳಿದು ಬಂದರು. ನಾವು ಅಲ್ಲಿಗೆ ಹೋಗಲಾಗದ್ದಕ್ಕೆ ಅವರೇ ಇಲ್ಲಿಗೆ. ಮುಂದೆ ಬಂದ ಹಿರಿಯಕ್ಕ, "ಸ್ತೋತ್ರ ಅಯ್ಯನೋರೇ!" ಎಂದಳು. ನಮ್ಮವರು ಕೈ ಮುಗಿದರು.

"ತಿರುಗ ಸ್ತೋತ್ರ ಅನ್ನಾಕೂ ಇಲ್ವಾ?"

"ಇಲ್ಲ ಕಣಕ್ಕ, ಉಸಿರೆತ್ತಂಗಿಲ್ಲ," ಎಂದೆ.

"ಸದ್ಯ, ಈ ಸಲ ಪ್ರಸಂಗ ಬೇಗ ಮುಗೀತೈತೆ ಬಿಡಿ!"

ಎಲ್ಲರೂ ನಕ್ಕರು. ನಮ್ಮವರ ಭುಜಗಳೂ ಕುಣಿದವು. ನಗುವಿನಲ್ಲೂ ಸದ್ದು ಬಂದೀತೇನೋ ಎಂದು ನಾನು ಮಾತ್ರ ಗಂಟಲನ್ನೇ ನೋಡುತ್ತಿದ್ದೆ. ಆ ದಿನ ಬೈಬಲಿನಿಂದ ಕ್ರಿಸ್ತ ಜನನದ ಪಾಠ ಓದಿದವಳು, ಹಾಡು ಎತ್ತಿದವಳು ನಾನೇ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನೊಬ್ಬಳು ಅರೆಗಣ್ಣು ತೆರೆದು ಅವರ ತುಟಿ ಕಾದೆ. ಅಲ್ಲಾಡಲಿಲ್ಲ. ಕಣ್ಣಲ್ಲಿ ಮಾತ್ರ ನೀರಿತ್ತು.

ಮೂರನೆಯ ದಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಾಗದ ಬಿಡಿಸಿ, "ಕೆಟ್ಟದ್ದೇನೂ ಇಲ್ಲ," ಎಂದರು. ಎದ್ದು ನಿಂತವಳು ಮತ್ತೆ ಕೂತೆ. ಕೂತವಳಿಗೆ ಸುಮ್ಮನಿರಲಾಗಲಿಲ್ಲ. ಕದ್ದದ್ದನ್ನು ಒಪ್ಪಿಕೊಳ್ಳುವವಳ ಹಾಗೆ, "ಎಂಟು ದಿನ ಪ್ರಾರ್ಥನೆ ಮಾಡಿಬಿಟ್ಟಿದ್ದಾರೆ ಡಾಕ್ಟ್ರೇ," ಎಂದೆ.

"ಮಾಡಲಿ ಬಿಡಿ."

"ಬಾಯಿಬಿಟ್ಟು."

ಡಾಕ್ಟರಮ್ಮನ ನಗು ನಿಂತಿತು. ಗಂಟಲಿಗೆ ನಳಿಗೆ ಬಿಟ್ಟು ಬಹಳ ಹೊತ್ತು ನೋಡಿದರು. "ಇನ್ನೂ ಕೆಂಪಗಿದೆ. ಎಲ್ಲಿ, ಒಂದೇ ಒಂದು ಮಾತು ಹೇಳಿ."

ಯಜಮಾನರು ಅವರತ್ತ ನೋಡಲಿಲ್ಲ. ನನ್ನತ್ತ ತಿರುಗಿದರು.

"ಹೇಳ್ಲಾ?"

ಕರಟದ ಮೇಲೆ ಚಾಕು ಎಳೆದ ಹಾಗಿತ್ತು. ಆದರೆ ಅವರದೇ ಧ್ವನಿ.

ಅದು ಪೂರ್ತಿ ಮರಳಲಿಲ್ಲ. ಮೇಲಿನ ಸ್ವರ ಈಗಲೂ ಒಡೆಯುತ್ತದೆ, ಆದ್ದರಿಂದ ಹಾಡು ಎತ್ತುವವಳು ನಾನೇ. ನನ್ನ ಶ್ರುತಿ ಸರಿಯಿಲ್ಲ ಎಂದು ಪ್ರತಿ ಭಾನುವಾರ ಹೇಳುವಷ್ಟು ಗಂಟಲು ಅವರಿಗೆ ಉಳಿದಿದೆ.