ಗಿಡ್ಡ ಟ್ರೈಲರು, ಕೆಂಡದ ಮಡಕೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವಾದರೂ ತಪ್ಪಿರಬಹುದು. ಗೂಡಲೂರಿನ ಮರದ ಕಂಟ್ರಾಕ್ಟರನ ಅಂಗಳದಲ್ಲಿ ನಿಂತಿದ್ದ ಎರಡು ಟ್ರೈಲರುಗಳಲ್ಲಿ ಉದ್ದದ್ದಕ್ಕೆ ಕೆಂಪು ಬಣ್ಣ ಬಳಿದಿತ್ತು ಎಂದು ನನ್ನ ನೆನಪು. ಚಿಕ್ಕವ್ವ ಬಣ್ಣವೇ ಇರಲಿಲ್ಲ, ಬರೀ ತುಕ್ಕು ಎನ್ನುತ್ತಾಳೆ. ಆಗ ನನಗೆ ಏಳೋ ಎಂಟೋ ವರ್ಷ. ಮುಂದೆ ಕಾಲೇಜಿನಲ್ಲಿ ಇತಿಹಾಸ ಓದಿ, ಸಾಕ್ಷಿಯಿಲ್ಲದ್ದನ್ನು ನಂಬಬಾರದೆಂದು ಕಲಿತೆ. ಆದರೆ ಈ ಸಂಗತಿಗೆ ಸಾಕ್ಷಿ ಎಂದರೆ ನಾನು ಮತ್ತು ಚಿಕ್ಕವ್ವ, ಇಬ್ಬರೇ.

ಅಪ್ಪ ಒಬ್ಬ ಬಿಳಿಯ ದೊರೆಯ ಬಳಿ ಟ್ರಾಕ್ಟರು ಓಡಿಸುತ್ತಿದ್ದ. ದೊರೆ ಗೂಡಲೂರಿನ ಜಮೀನು ಬಿಟ್ಟು ಬೆಟ್ಟದ ಮೇಲಿನ ತುಮ್ಮನಟ್ಟಿಯಲ್ಲಿ ಆಲೂಗಡ್ಡೆ ಹಾಕುವುದೆಂದು ನಿಶ್ಚಯಿಸಿದ್ದರಿಂದ ಟ್ರಾಕ್ಟರೂ ನಾವೂ ಘಾಟಿ ಹತ್ತಬೇಕಾಯಿತು. ಅದರ ಚಕ್ರಗಳಿಗೆ ಕಬ್ಬಿಣದ ಹಲ್ಲುಗಳಿದ್ದವು. ರಸ್ತೆಯ ಮೇಲೆ ಓಡಿಸಿದರೆ ರಸ್ತೆ ಕಿತ್ತುಬರುತ್ತಿತ್ತು. ಹಾಗಾಗಿ ಟ್ರೈಲರಿನ ಮೇಲೆ ಏರಿಸಿ ಲಾರಿಯ ಹಿಂದೆ ಕಟ್ಟಿ ಎಳೆಸಬೇಕು. ಟ್ರೈಲರು ಆರಿಸುವ ಕೆಲಸವನ್ನು ದೊರೆ ಅಪ್ಪನಿಗೇ ಬಿಟ್ಟಿದ್ದ.

ಅವ್ವನೂ ಚಿಕ್ಕವ್ವನ ಜೊತೆ ಬಂದಿದ್ದಳು. ಅವಳಿಗೆ ಟ್ರೈಲರಿನ ಚಿಂತೆಯಿರಲಿಲ್ಲ, ಒಲೆಯ ಚಿಂತೆ. ಗುಂಡ್ಲುಪೇಟೆ ಕಡೆಯಿಂದ ಅಪ್ಪ ಅವ್ವ ಗೂಡಲೂರಿಗೆ ಬಂದಾಗ ಅಪ್ಪನ ತಾಯಿ ತನ್ನ ಒಲೆಯ ಕೆಂಡವನ್ನು ಮಡಕೆಯಲ್ಲಿ ಹಾಕಿ ಕಳಿಸಿದ್ದಳಂತೆ. ಮನೆ ಬದಲಾದರೂ ಬೆಂಕಿ ಬದಲಾಗಬಾರದು ಎಂಬುದು ನಮ್ಮವರ ಪದ್ಧತಿ. ಅಂದಿನಿಂದ ಅವ್ವ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಬೂದಿ ಸರಿಸಿ ಊದುತ್ತಿದ್ದಳು. ನಮ್ಮ ಮನೆಯಲ್ಲಿ ಬೆಂಕಿಕಡ್ಡಿ ಏನಿದ್ದರೂ ಅಪ್ಪನ ಬೀಡಿಗೆ. ಅಜ್ಜಿ ತೀರಿಕೊಂಡ ಮೇಲೆ ಆ ಬೆಂಕಿಯನ್ನು ಅವ್ವ ಇನ್ನಷ್ಟು ಜತನ ಮಾಡುತ್ತಿದ್ದಳು.

ಉದ್ದನೆಯ ಟ್ರೈಲರು ಮರದ ದಿಮ್ಮಿ ಸಾಗಿಸುವಂಥದ್ದು. ಟ್ರಾಕ್ಟರು ನಿಲ್ಲಿಸಿದ ಮೇಲೂ ನಮ್ಮ ಮಂಚ, ಬೀಸುವ ಕಲ್ಲು, ರಾಗಿ ಮೂಟೆ, ನಾವು, ಎಲ್ಲಕ್ಕೂ ಜಾಗ ಉಳಿಯುತ್ತಿತ್ತು. ಒಂದೇ ದಿನಕ್ಕೆ ಊರು ಸೇರಬಹುದು. ಇನ್ನೊಂದು ಗಿಡ್ಡ, ಟ್ರಾಕ್ಟರು ನಿಂತರೆ ಒಂದು ಚೊಂಬು ಇಡಲೂ ಎಡೆಯಿಲ್ಲ. ಅದಾದರೆ ಸಾಮಾನಿಗೆ ಎತ್ತಿನ ಗಾಡಿಯೇ ಗತಿ, ದಾರಿಯ ನಡುವಟ್ಟದಲ್ಲಿ ಒಂದು ರಾತ್ರಿ ತಂಗಿ ಹೋಗಬೇಕು. ಅಪ್ಪ ಹಗ್ಗ ಹಿಡಿದು ಉದ್ದದ್ದನ್ನು ಅಳೆದ, ಅಡಿಗೆ ತೂರಿ ಅಚ್ಚು ನೋಡಿದ, ಮತ್ತೆ ಅಳೆದ. ಅಂಗಳದ ಮೇಸ್ತ್ರಿ, "ಏನಣ್ಣೋ, ಗಾಡಿ ನೋಡಕ್ ಬಂದ್ಯೋ, ಹೆಣ್ ನೋಡಕ್ ಬಂದ್ಯೋ?" ಎಂದು ನಕ್ಕ.

ತಕರಾರು ತೆಗೆದದ್ದು ಲಾರಿಯ ಡ್ರೈವರು. ಮಲೆಯಾಳದವನು. ಅವ್ವ ಕೆಂಡದ ಮಡಕೆ ಎಲ್ಲಿಡುವುದು ಎಂದು ನನ್ನ ಬಾಯಿಂದ ಕೇಳಿಸಿದ್ದೇ ತಡ, ಟ್ರಾಕ್ಟರು ಸೀಮೆಎಣ್ಣೆ ಜಿನುಗಿಸುತ್ತದೆ, ಅದರ ಪಕ್ಕ ಬೆಂಕಿ ಇಟ್ಟರೆ ತಾನು ಲಾರಿ ಮುಟ್ಟುವುದಿಲ್ಲ ಎಂದುಬಿಟ್ಟ. ಅವನು ಹೇಳಿದ್ದು ಸರಿಯೇ ಆಗಿತ್ತು.

ಅಪ್ಪ ಅವ್ವನ ಕಡೆ ತಿರುಗಿ, "ತುಮ್ಮನಟ್ಟೀಲಿ ಬೆಂಕಿಪೊಟ್ಣ ಸಿಕ್ಕಕಿಲ್ವಾ?" ಎಂದ.

ಹೊರಗಿನವರ ಎದುರು ಅವ್ವ ಅಪ್ಪನೊಡನೆ ನೇರ ಮಾತಾಡುತ್ತಿರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ನಿಮ್ಮಪ್ಪನ್ನ ಕೇಳು ಮಗಾ, ಅಲ್ಲಿ ಬೆಂಕಿ ಸಿಕ್ತದೆ, ಸರಿ. ಅವರವ್ವ ಕೊಟ್ಟ ಬೆಂಕಿ ಸಿಕ್ತದಾ ಅಂತ."

ಅಪ್ಪ ಹಗ್ಗವನ್ನು ಮೊಣಕೈಗೆ ಸುತ್ತತೊಡಗಿದ. ಪೂರ್ತಿ ಸುತ್ತಿ ಮುಗಿಸಿ ಮೇಸ್ತ್ರಿಗೆ ಗಿಡ್ಡದ್ದೇ ಇರಲಿ ಎಂದ. ಉದ್ದದ್ದು ಘಾಟಿಯ ತಿರುವುಗಳಲ್ಲಿ ತಿರುಗುವುದಿಲ್ಲ ಎಂದು ದೊರೆಗೆ ಹೇಳಿದನಂತೆ. ಅದು ನಿಜವೂ ಇದ್ದೀತು. ಅಪ್ಪನ ಔದಾರ್ಯವನ್ನು ದೊಡ್ಡದು ಮಾಡಿ ನೆನೆಯುವುದು ನನಗೆ ಹಿತ, ಅದಕ್ಕೇ ಈ ಭಾಗದಲ್ಲಿ ನನ್ನ ಮೇಲೆ ನನಗೆ ಅನುಮಾನ.

ಟ್ರಾಕ್ಟರಿನೊಡನೆ ಅಪ್ಪ ಲಾರಿಯಲ್ಲಿ ಮುಂದೆ ಹೋದ. ಅವ್ವ, ಅವಳ ತಂಗಿಯಾದ ಚಿಕ್ಕವ್ವ, ನಾನು ಎತ್ತಿನ ಗಾಡಿಯಲ್ಲಿ. ಮಡಕೆಯನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿ ಕೂರಿಸಿತ್ತು. ಘಾಟಿಯ ಅರ್ಧದಲ್ಲಿ ಮಳೆ ಹಿಡಿಯಿತು. ಅವ್ವ ತಾನು ಹೊದ್ದಿದ್ದ ಕಂಬಳಿ ತೆಗೆದು ಮಡಕೆಗೆ ಹೊದಿಸಿದಳು. ನಡುವಟ್ಟ ಮುಟ್ಟುವ ಹೊತ್ತಿಗೆ ಅವಳಿಗೆ ಚಳಿಜ್ವರ. ತಂಗಿದ ಚಾವಡಿಯಲ್ಲಿ ಚಿಕ್ಕವ್ವ ಅವಳನ್ನು ಮಲಗಿಸಿ, ಮಡಕೆ ತಾನು ನೋಡಿಕೊಳ್ಳುವೆನೆಂದಳು.

ಬೆಳಿಗ್ಗೆ ನಾನು ಎದ್ದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎತ್ತುಗಳ ಗಂಟೆ ಕೇಳಿಸುತ್ತಿತ್ತು, ಎತ್ತುಗಳು ಕಾಣುತ್ತಿರಲಿಲ್ಲ. ಅಪ್ಪ ಬಂದಿದ್ದ. ಟ್ರಾಕ್ಟರು ಇಳಿಸಿ, ಹಿಂದಿರುಗುತ್ತಿದ್ದ ಅದೇ ಲಾರಿ ಹತ್ತಿ ನಮ್ಮನ್ನು ಕೂಡಿಕೊಂಡಿದ್ದ. ಗಾಡಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮಡಕೆಗೆ ಬಾಗಿ ಊದುತ್ತಿದ್ದ. ಚಿಕ್ಕವ್ವ ಸೆರಗು ಅಗಲಿಸಿ ಗಾಳಿಗೆ ಅಡ್ಡ ನಿಂತಿದ್ದಳು. ಅವಳ ಕಣ್ಣು ಊದಿಕೊಂಡಿದ್ದವು. ನಿದ್ದೆಗೆಟ್ಟದ್ದಕ್ಕೋ, ಹೊಗೆಗೋ, ಅತ್ತದ್ದಕ್ಕೋ ತಿಳಿಯದು. ಅಪ್ಪ ಮಡಕೆ ತಂದು ಅವ್ವನ ಮುಂದಿಟ್ಟ. ಒಳಗೆ ಕೆಂಡ ಕೆಂಪಗೆ ಉಸಿರಾಡುತ್ತಿತ್ತು.

"ನೋಡು, ಬೂದಿ ಕೆಳಗೆ ಸುಮ್ನೆ ಮನಗಿತ್ತು," ಎಂದ.

ಅವ್ವ ಎರಡೂ ಅಂಗೈಗಳನ್ನು ಅದರ ಮೇಲೆ ಹಿಡಿದಳು. ಜ್ವರದ ಮುಖದಲ್ಲೇ ನಕ್ಕಳು. ಆಗ ನನಗೆ ಸೀಮೆಎಣ್ಣೆಯ ವಾಸನೆ ಬಂತು. ಆದರೆ ಅಪ್ಪನ ಕೈಗಳಿಗೆ ಯಾವಾಗಲೂ ಆ ವಾಸನೆ ಇದ್ದೇ ಇರುತ್ತಿತ್ತು. ಮುದ್ದೆಯ ತುತ್ತು ಬಾಯಿಗಿಟ್ಟರೂ ಬರುತ್ತಿತ್ತು. ವಾಸನೆಯಿಂದ ಏನನ್ನೂ ಸಾಬೀತು ಮಾಡಲಾಗದು.

ತುಮ್ಮನಟ್ಟಿಯ ಹೊಸ ಮನೆಯಲ್ಲಿ ಅವ್ವ ಆ ಕೆಂಡದಿಂದಲೇ ಒಲೆ ಹಚ್ಚಿ ಹಾಲುಕ್ಕಿಸಿದಳು. ಬಂದವರಿಗೆಲ್ಲ, ಇದು ನಮ್ಮತ್ತೆಯ ಬೆಂಕಿ, ಇವರೇ ಊದಿ ಉಳಿಸಿದ್ದು ಎಂದು ಹೇಳುತ್ತಿದ್ದಳು. ಆಗೆಲ್ಲ ಅಪ್ಪ ಬೀಡಿ ಹಿಡಿದು ಅಂಗಳಕ್ಕೆ ಎದ್ದುಹೋಗುತ್ತಿದ್ದ. ಹೊಗಳಿಕೆ ಕೇಳಲು ನಾಚುವವನು ಎಂದುಕೊಂಡಿದ್ದೆ.

ಈಗ ಅವರಿಬ್ಬರೂ ಇಲ್ಲ. ಚಿಕ್ಕವ್ವನನ್ನು ಹಿಂದೆಯೂ ಕೇಳಿದ್ದೇನೆ. ಒಮ್ಮೆ ಕಿವಿ ಕೇಳಿಸದು ಎಂದಳು, ಒಮ್ಮೆ ಊಟ ಮಾಡಿದೆಯಾ ಎಂದಳು. ಕಳೆದ ತಿಂಗಳು ಅವಳ ಪಕ್ಕ ಕೂತು, ಅವಳ ಕೈಯೊಳಗಿನ ಅವರೆಕಾಯಿ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಕೇಳಿದೆ. ಅವಳು ಕಾಯನ್ನು ಮತ್ತೆ ಕೈಗೆತ್ತಿಕೊಂಡು ಸುಲಿಯುತ್ತಾ ಹೋದಳು. ನಾನು ಕೇಳಿದ್ದು ಇಷ್ಟೇ: "ಚಿಕ್ಕವ್ವಾ, ಅವತ್ತು ಅಪ್ಪ ಬಂದಾಗ ಆ ಮಡಕೇಲಿ ಕೆಂಡ ಇತ್ತಾ?"